ಸ್ಟೇಜ್ ಮ್ಯೂಸಿಕಲ್‌ಗಳ ವಿಚಿತ್ರ ಸಿನಿಮಾಗಳು: ಯಾವ್ದು ನೋಡೋದು, ಯಾವ್ದು ಮೊದ್ಲು ನೋಡೋದು

ಜೀಸಸ್ ಕೊನೇ ದಿನಗಳನ್ನ ರಾಕ್ ಹಾಡಲ್ಲೇ ಹೇಳೋ ನಾಟಕ ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್, ಅದರ ಸಿನಿಮಾನ ಮೊದಲ ಸಲ ಹಾಕ್ದಾಗ ನಾನು ಅರ್ಧಕ್ಕೇ ಎದ್ದುಬಿಟ್ಟಿದ್ದೆ. 1970ರ ಆಲ್ಬಮ್ ಅಷ್ಟೊತ್ತಿಗೆ ಬಾಯಿಪಾಠ ಆಗೋಗಿತ್ತು, ಕೇಳ್ತಾ ಕೇಳ್ತಾ ತಲೇಲಿ ನಂದೇ ಒಂದು ಚಿತ್ರ ಕಟ್ಕೊಂಡಿದ್ದೆ, ಹಳೇ ಜೆರುಸಲೇಮ್, ಕಲ್ಲಿನ ಬೀದಿ, ಉದ್ದ ನಿಲುವಂಗಿ, ಎಣ್ಣೆ ದೀಪ. ತೆರೆ ಮೇಲೆ ಬಂದಿದ್ದು ಧೂಳೆಬ್ಬಿಸ್ಕೊಂಡು ಬರೋ ಒಂದು ಬಸ್ಸು, ಅದರ ತಲೆ ಮೇಲೆ ಕಟ್ಟಿರೋ ಒಂದು ಶಿಲುಬೆ, ಒಳಗಿಂದ ಇಳಿಯೋ ಉದ್ದ ಕೂದಲಿನ ಹುಡುಗ್ರು ಹುಡುಗೀರು. ಸರಿ ನೋಡೋಣ ಅಂತ ಕೂತೆ. ಜೀಸಸ್‌ಗೆ ದ್ರೋಹ ಮಾಡೋ ಶಿಷ್ಯ ಜೂಡಾಸ್ ಮರುಭೂಮೀಲಿ ಓಡ್ತಿದ್ದಾಗ ಅವನ ಹಿಂದೆ ಮಿಲಿಟರಿ ಟ್ಯಾಂಕ್‌ಗಳು ಸಾಲಾಗಿ ಬಂದ್ವು ನೋಡಿ, ಆಫ್ ಮಾಡ್ಬಿಟ್ಟೆ. ನನ್ನ ಹಾಡುಗಳನ್ನ ಯಾರೋ ಹಾಳು ಮಾಡಿದಾರೆ ಅನ್ನೋ ಸಿಟ್ಟು ಬಂದಿತ್ತು. ಎಷ್ಟೋ ವರ್ಷ ಆದ್ಮೇಲೆ ಒಂದಿನ ರಾತ್ರಿ ಪೂರ್ತಿ ನೋಡ್ದೆ, ಈಗ ನಂಗೆ ಇಷ್ಟದ ಮ್ಯೂಸಿಕಲ್ ಸಿನಿಮಾ ಯಾವ್ದು ಅಂದ್ರೆ ಅದೇ.

ಈ ಥರ ಎಡವಟ್ಟು ನಿಮಗೂ ಆಗಿರಬಹುದು. ಒಂದು ನಾಟಕದ ಹಾಡು ಇಷ್ಟ ಆಗಿದೆ, ಸಿನಿಮಾನೂ ಇದೆ ಅಂತ ಗೊತ್ತಾಗಿದೆ, ಆದ್ರೆ ಯಾರನ್ನ ಕೇಳಿದ್ರೂ "ಅದು ಸ್ವಲ್ಪ ವಿಚಿತ್ರವಾಗಿದೆ" ಅಂತಾರೆ, ಜೊತೆಗೆ ಅದೇ ನಾಟಕದ್ದು ಎರಡು ಮೂರು ವರ್ಷನ್ ಬೇರೆ ಇರುತ್ವೆ. ಯಾವ್ದಕ್ಕೆ ಎರಡು ಗಂಟೆ ಕೊಡೋದು? ನಾನು ನೋಡಿರೋದ್ರಲ್ಲಿ ಕೆಲವನ್ನ ಪಕ್ಕಪಕ್ಕ ಇಟ್ಟು ಹೇಳ್ತೀನಿ, ನಿಮಗೆ ಯಾವ್ದು ಒಗ್ಗುತ್ತೆ ಅಂತ ನೀವೇ ಆರಿಸ್ಕೊಳ್ಳಿ.

ಮೊದಲು ಒಂದು ಮಾತು. ಇಂಥ ಸಿನಿಮಾ ನೋಡೋವಾಗ ಎಲ್ಲರೂ ಕೇಳೋ ಪ್ರಶ್ನೆ, ನಾಟಕದಲ್ಲಿ ಇದ್ದ ಹಾಗೇ ಇದ್ಯಾ ಅಂತ. ಅದರಿಂದ ಏನೂ ಗೊತ್ತಾಗಲ್ಲ. ಕೇಳ್ಬೇಕಾಗಿರೋದು, ಇಲ್ಲಿ ಜನ ಯಾಕೆ ಹಾಡ್ತಿದಾರೆ ಅಂತ. ರಂಗದ ಮೇಲೆ ಈ ಪ್ರಶ್ನೆ ಏಳೋದೇ ಇಲ್ಲ, ಯಾಕಂದ್ರೆ ಅಲ್ಲಿ ಎಲ್ಲಾನೂ ಒಪ್ಪಂದ, ಮೂರು ಹಲಗೆ ಇಟ್ಟು ಇದು ಮನೆ ಅಂದ್ರೆ ಮನೆ, ನೀಲಿ ಲೈಟ್ ಬಿಟ್ಟು ಇದು ರಾತ್ರಿ ಅಂದ್ರೆ ರಾತ್ರಿ, ಹಾಗೇನೇ ಮಾತಾಡ್ತಿದ್ದೋನು ಹಾಡೋಕೆ ಶುರು ಮಾಡಿದ್ರೂ ನಾವು ಒಪ್ಕೊಂಡಿರ್ತೀವಿ. ಕ್ಯಾಮೆರಾ ಬಂದ ತಕ್ಷಣ ನಿಜವಾದ ಬೀದಿ, ನಿಜವಾದ ಬಿಸಿಲು, ನಿಜವಾದ ಬೆವರು ಕಾಣುತ್ತೆ, ಅಷ್ಟು ನಿಜದ ಮಧ್ಯೆ ಒಬ್ಬ ಇದ್ದಕ್ಕಿದ್ದಂತೆ ಹಾಡಿದ್ರೆ ಆ ಒಪ್ಪಂದ ಮುರಿಯುತ್ತೆ. ಡೈರೆಕ್ಟರ್ ಹೊಸ ಒಪ್ಪಂದ ಮಾಡ್ಕೊಬೇಕು. ಯಾರ್ಯಾರು ಎಂಥೆಂಥ ಒಪ್ಪಂದ ಮಾಡ್ಕೊಂಡಿದಾರೆ ಅನ್ನೋದ್ರಲ್ಲೇ ಈ ಸಿನಿಮಾಗಳ ವ್ಯತ್ಯಾಸ ಇರೋದು, ವಿಚಿತ್ರ ಅನ್ಸೋದೂ ಅಲ್ಲೇ.

ಈ ಪ್ರಶ್ನೆನ ಬಿಟ್ಟುಬಿಟ್ರೆ ಏನಾಗುತ್ತೆ ಅನ್ನೋಕೆ 2005ರ ರೆಂಟ್ ನೋಡಿ. 1996ರಲ್ಲಿ ಬ್ರಾಡ್‌ವೇಯಲ್ಲಿ, ಅಂದ್ರೆ ನ್ಯೂಯಾರ್ಕಿನ ದೊಡ್ಡ ಥಿಯೇಟರ್‌ಗಳಲ್ಲಿ, ಬಂದ ನಾಟಕದ ಮೂಲ ನಟರಲ್ಲಿ ಹೆಚ್ಚಿನವರನ್ನೇ ಕರ್ಕೊಂಡು ಬಂದು, ಪ್ರೀತಿಯಿಂದಾನೇ ಮಾಡಿದಾರೆ, ದನಿಗಳು ಈಗಲೂ ಎದೆ ತಟ್ಟುತ್ವೆ. ಆದ್ರೆ ನಾಟಕದಲ್ಲಿ ಹಾಡಾಗಿದ್ದ ಎಷ್ಟೋ ಚಿಕ್ಕಚಿಕ್ಕ ಮಾತುಗಳನ್ನ ಇಲ್ಲಿ ಬರೀ ಮಾತು ಮಾಡಿದಾರೆ, ಹಾಗಾಗಿ ಒಂದು ನಿಮಿಷ ಮಾಮೂಲಿ ಸಿನಿಮಾ, ಮರುನಿಮಿಷ ದೊಡ್ಡ ಹಾಡು, ಎರಡರ ಮಧ್ಯೆ ಸೇತುವೆ ಇಲ್ಲ. ನಾಟಕಕ್ಕೆ ನಿಷ್ಠೆಯಿಂದ ಇರೋಕೆ ಹೋಗಿ ಸಿನಿಮಾ ಕಳ್ಕೊಂಡಂಗೆ ನಂಗನ್ಸುತ್ತೆ.

ಈಗ ಕ್ಯಾಬರೆ. ಬಾಬ್ ಫಾಸಿ 1972ರಲ್ಲಿ ಮಾಡಿದ್ದು, 1966ರ ನಾಟಕದ ಮೇಲೆ. ನಾಟಕನ ಪ್ರೀತಿಸೋರು ಇದನ್ನ ನೋಡಿದ್ರೆ ಮೊದಲು ಗಾಬರಿ ಆಗ್ತಾರೆ, ಅಷ್ಟು ಕತ್ತರಿ ಆಡಿಸಿದಾರೆ. ಮನೆ ಬಾಡಿಗೆಗೆ ಕೊಡೋ ವಯಸ್ಸಾದ ಹೆಂಗಸು, ಅವಳನ್ನ ಮದುವೆ ಆಗ್ಬೇಕು ಅಂದ್ಕೊಂಡ ಯಹೂದಿ ಹಣ್ಣಿನ ವ್ಯಾಪಾರಿ, ನಾಟಕದ ಅರ್ಧ ಜೀವ ಇರೋದೇ ಅವರಿಬ್ಬರ ಕಥೇಲಿ, ಅದನ್ನ ಪೂರ್ತಿ ತೆಗೆದು ಬೇರೆ ಒಂದು ಜೋಡಿನ ತಂದಿದಾರೆ. ನಾಟಕದಲ್ಲಿ ಕ್ಲಬ್ಬಲ್ಲಿ ಹಾಡೋ ನಾಯಕಿ ಸ್ಯಾಲಿ ಇಂಗ್ಲೆಂಡಿನವಳು, ಅವಳ ಹುಡುಗ ಅಮೆರಿಕದವನು, ಸಿನಿಮಾದಲ್ಲಿ ಉಲ್ಟಾ. ಪಾತ್ರಗಳು ಮನೇಲಿ, ರೂಮಲ್ಲಿ ಹಾಡ್ತಿದ್ದ ಹಾಡುಗಳೆಲ್ಲ ಹೋದ್ವು. ಉಳಿದಿದ್ದು ಕಿಟ್ ಕ್ಯಾಟ್ ಕ್ಲಬ್ಬಿನ ಸ್ಟೇಜ್ ಮೇಲೆ ಹಾಡೋ ಹಾಡುಗಳು ಮಾತ್ರ, ಅದಕ್ಕೇ ಅಂತ ಹೊಸದಾಗಿ ಕೆಲವು ಬರೆಸಿದ್ರು. ಅಂದ್ರೆ ಯಾಕೆ ಹಾಡ್ತಿದಾರೆ ಅನ್ನೋದಕ್ಕೆ ಫಾಸಿ ಉತ್ತರ ತುಂಬಾ ಸುಲಭ, ಅದು ಅವರ ಕೆಲಸ, ರಾತ್ರಿ ಕ್ಲಬ್ಬಲ್ಲಿ ಹಾಡಿ ಹೊಟ್ಟೆ ಹೊರೀತಾರೆ. ಹೊರಗಡೆ 1931ರ ಬರ್ಲಿನ್ ಬೀದೀಲಿ ಏನೇನೋ ಆಗ್ತಿರುತ್ತೆ, ಒಳಗೆ ಕ್ಲಬ್ಬಿನ ಶೋ ನಡೆಸಿಕೊಡೋನ ಪಾತ್ರದ ಜೋಯಲ್ ಗ್ರೇ ಬಿಳಿ ಬಳ್ಕೊಂಡ ಮುಖದಲ್ಲಿ ನಗ್ತಿರ್ತಾನೆ, ಒಂದರಿಂದ ಇನ್ನೊಂದಕ್ಕೆ ಕಟ್ ಆಗ್ತಾ ಆಗ್ತಾ ಆ ನಗು ನಮಗೆ ಹೊಟ್ಟೇಲಿ ಸಂಕಟ ಶುರು ಮಾಡುತ್ತೆ.

ಕ್ಲಬ್ಬಿಂದ ಹೊರಗೆ ಹಾಡೋದು ಒಂದೇ ಒಂದು ಸಲ, ಅದನ್ನ ಹತ್ತಿರದಿಂದ ನೋಡ್ಬೇಕು. ಊರಾಚೆ ಒಂದು ಬಿಯರ್ ಗಾರ್ಡನ್, ಒಳ್ಳೆ ಬಿಸಿಲು, ಕುಟುಂಬಗಳು ಟೇಬಲ್ ಸುತ್ತ ಕೂತಿವೆ. ಒಬ್ಬ ಹುಡುಗನ ಮುಖ, ಕ್ಲೋಸಪ್, ಹೊಂಬಣ್ಣದ ಕೂದಲು, ಹಾಲಿನಂಥ ದನಿ, ಹಸಿರು ಕಾಡು ನದಿ ಅಂತೆಲ್ಲ ಹಾಡ್ತಿದಾನೆ. ಕೇಳೋಕೆ ನಿಜವಾಗ್ಲೂ ಚೆನ್ನಾಗಿದೆ, ನಾವೂ ಕಿವಿಗೊಡ್ತೀವಿ. ಆಮೇಲೆ ಕ್ಯಾಮೆರಾ ಮೆಲ್ಲಗೆ ಕೆಳಗೆ ಇಳಿಯುತ್ತೆ, ಕಂದು ಅಂಗಿ ಕಾಣುತ್ತೆ, ತೋಳಿನ ಪಟ್ಟಿ ಕಾಣುತ್ತೆ, ಪಟ್ಟಿ ಮೇಲೆ ನಾಜಿಗಳ ಸ್ವಸ್ತಿಕ. ಒಬ್ಬಳು ಎದ್ದು ದನಿಗೂಡಿಸ್ತಾಳೆ, ಆಮೇಲೆ ಇನ್ನೊಬ್ಬ, ಆಮೇಲೆ ಇಡೀ ತೋಟ ಎದ್ದು ನಿಲ್ಲುತ್ತೆ, ಸಂಗೀತ ಮಾರ್ಚಿಂಗ್ ಥರ ಆಗೋಗುತ್ತೆ. ಒಬ್ಬ ಮುದುಕ ಮಾತ್ರ ಎದ್ದೇಳಲ್ಲ, ತಲೆ ತಗ್ಗಿಸ್ಕೊಂಡು ಕೂತೇ ಇರ್ತಾನೆ. ಇದೇ ಹಾಡು ನಾಟಕದಲ್ಲಿ ಮೊದಲು ಬರೋದು ಕ್ಲಬ್ಬಿನ ವೇಟರ್‌ಗಳ ಬಾಯಲ್ಲಿ. ರಂಗದ ಮೇಲೆ ಕೆಳಗೆ ಇಳಿಯೋ ಆ ಕ್ಯಾಮೆರಾ ಎಲ್ಲಿಂದ ತರೋದು? ಇಡೀ ಹುಡುಗ ಮೊದಲಿಂದಾನೇ ಕಾಣ್ತಾನಲ್ಲ. ಮೊದಲು ಮುಖ ತೋರಿಸಿ ಆಮೇಲೆ ತೋಳು ತೋರಿಸೋದು ಸಿನಿಮಾಕ್ಕೆ ಮಾತ್ರ ಆಗೋ ಕೆಲಸ. ಆ ಒಂದು ದೃಶ್ಯಕ್ಕೋಸ್ಕರ ನಾಟಕದಿಂದ ಕಿತ್ತು ಹಾಕಿದ್ದನ್ನೆಲ್ಲ ನಾನು ಕ್ಷಮಿಸಿದೀನಿ, ಆ ವಯಸ್ಸಾದ ಜೋಡಿನ ಬಿಟ್ಟು. ಅವರು ಇಲ್ದೇ ಇರೋದು ಈಗಲೂ ಬೇಜಾರೇ, ಅದಕ್ಕೆ ಸಾಧ್ಯ ಆದ್ರೆ ನಾಟಕನೂ ಎಲ್ಲಾದ್ರೂ ನೋಡಿ. ಈ ಸಿನಿಮಾಗೆ 8 ಆಸ್ಕರ್ ಬಂತು, ಆ ವರ್ಷದ ಬೆಸ್ಟ್ ಪಿಕ್ಚರ್ ಮಾತ್ರ ಗಾಡ್‌ಫಾದರ್‌ಗೆ ಹೋಯ್ತು.

ಮ್ಯೂಸಿಕಲ್ ಅಂದ್ರೆ ಮೂಗು ಮುರಿಯೋ ಸ್ನೇಹಿತರು ಇದ್ರೆ ಅವರಿಗೆ ಇದನ್ನೇ ತೋರಿಸಿ, ಯಾಕಂದ್ರೆ ಇದರಲ್ಲಿ ಯಾರೂ ಕಾರಣ ಇಲ್ದೆ ಹಾಡಲ್ಲ. 2002ರ ಚಿಕಾಗೋನೂ ಇದೇ ದಾರಿ, ಅಲ್ಲಿ ಹೆಚ್ಚಿನ ಹಾಡುಗಳು ರಾಕ್ಸಿ ಅನ್ನೋಳ ತಲೆ ಒಳಗೆ ನಡೆಯೋ ಶೋಗಳು, ಜೈಲಲ್ಲಿ ಕೂತು ಅವಳು ಎಲ್ಲಾನೂ ಸ್ಟೇಜ್ ಮೇಲೆ ಕಲ್ಪಿಸ್ಕೊಳ್ತಾಳೆ. ಹೆಚ್ಚು ಮಜಾ ಇದೆ, ಹೊಳಪಿದೆ, ಕ್ಯಾಬರೆಯಷ್ಟು ಒಳಗೆ ಇಳಿಯಲ್ಲ. ಬರೀ ಸಂತೋಷಕ್ಕೆ ಅಂದ್ರೆ ಚಿಕಾಗೋ, ನಿದ್ದೆ ಕೆಟ್ರೂ ಪರವಾಗಿಲ್ಲ ಅಂದ್ರೆ ಕ್ಯಾಬರೆ.

ಇನ್ನು ನನ್ನ ಬಸ್ಸಿನ ಸಿನಿಮಾ. ನಾರ್ಮನ್ ಜೂಯಿಸನ್ ಇದನ್ನ ಇಸ್ರೇಲ್‌ನಲ್ಲಿ, ಮರುಭೂಮೀಲಿ, ಅವ್ದಾತ್‌ನಂಥ ಹಳೇ ಪಾಳುಗಳ ಮಧ್ಯೆ ಶೂಟ್ ಮಾಡಿ 1973ರಲ್ಲಿ ಬಿಡುಗಡೆ ಮಾಡಿದ್ರು. ಸಂಗೀತ ಮಾಡಿದ ಆಂಡ್ರ್ಯೂ ಲಾಯ್ಡ್ ವೆಬರ್, ಹಾಡು ಬರೆದ ಟಿಮ್ ರೈಸ್ ಇಬ್ಬರೂ ಇದನ್ನ ಮೊದಲು ತಂದಿದ್ದೇ ಆಲ್ಬಮ್ ಆಗಿ, ನಾಟಕ ಆಗಿದ್ದು 1971ರಲ್ಲಿ. ಶುರುವಿಂದ ಕೊನೇವರೆಗೂ ಹಾಡೇ, ಬಿಡಿ ಮಾತು ಇಲ್ಲ ಅಂದ್ರೂ ನಡೆಯುತ್ತೆ. ಹಾಗಾಗಿ ಫಾಸಿ ಥರ ಹಾಡನ್ನ ಒಂದು ಮೂಲೆಗೆ ಇಡೋಕೆ ಆಗಲ್ಲ, ಬೇರೆ ಉಪಾಯ ಬೇಕು. ಜೂಯಿಸನ್ ಉಪಾಯ ಏನಂದ್ರೆ ಮೊದಲ ಐದು ನಿಮಿಷದಲ್ಲೇ ಎಲ್ಲಾನೂ ಬಿಚ್ಚಿ ತೋರಿಸೋದು. ಬಸ್ಸಿಂದ ನಟರು ಇಳೀತಾರೆ, ಪೆಟ್ಟಿಗೆ ಇಳಿಸ್ತಾರೆ, ಬಟ್ಟೆ ಹಾಕ್ಕೊಳ್ತಾರೆ, ಒಬ್ಬರಿಗೊಬ್ಬರು ಬಣ್ಣ ಹಚ್ಕೊಳ್ತಾರೆ, ಕಾರ್ಲ್ ಆ್ಯಂಡರ್ಸನ್ ಮಾತ್ರ ಗುಂಪು ಬಿಟ್ಟು ದೂರ ಹೋಗಿ ನಿಂತು ನೋಡ್ತಾನೆ, ಅವನೇ ಜೂಡಾಸ್ ಅಂತ ಯಾರೂ ಹೇಳ್ಬೇಕಾಗಿಲ್ಲ. ನಾವು ಇಲ್ಲಿ ನಾಟಕ ಆಡೋಕೆ ಬಂದಿದೀವಿ, ನೋಡ್ತೀರಾ? ಇದೇ ಅವರ ಒಪ್ಪಂದ. ಇದು ಗೊತ್ತಾದ್ಮೇಲೆ ಟ್ಯಾಂಕು, ಪುರೋಹಿತರು ಹತ್ತಿ ನಿಂತಿರೋ ಕಬ್ಬಿಣದ ಅಟ್ಟಣಿಗೆ, ಮೆಷಿನ್ ಗನ್ ಹಿಡ್ಕೊಂಡ ರೋಮನ್ ಸಿಪಾಯಿಗಳು, ದೇವಾಲಯದ ಸಂತೇಲಿ ಮಾರಾಟಕ್ಕಿಟ್ಟಿರೋ ಪೋಸ್ಟ್‌ಕಾರ್ಡು, ಕನ್ನಡಿ, ಬಂದೂಕು ಎಲ್ಲಾ ತನ್ನ ತನ್ನ ಜಾಗಕ್ಕೆ ಬಂದು ಕೂರುತ್ವೆ. ಈ ಹುಡುಗರು 70ರ ದಶಕದೋರು, ಅಧಿಕಾರ ಅಂದ್ರೆ ಅವರ ಕಣ್ಣಿಗೆ ಕಾಣೋದು ಟ್ಯಾಂಕೇ. ಸಿನಿಮಾ ಬಂದ ವರ್ಷದ ಅಕ್ಟೋಬರ್‌ನಲ್ಲೇ ಆ ಪ್ರದೇಶದಲ್ಲಿ ಯುದ್ಧ ಶುರು ಆಯ್ತು, ಅದನ್ನ ನೆನಪಿಟ್ಕೊಂಡು ನೋಡಿದ್ರೆ ಆ ದೃಶ್ಯ ಮೈ ಜುಂ ಅನ್ಸುತ್ತೆ.

ಇದರ ಬಗ್ಗೆ ಒಂದು ವಿಷಯ ಮುಚ್ಚಿಡೋದು ಬೇಡ. ಪುರೋಹಿತರನ್ನ ತೋರಿಸಿರೋ ರೀತಿ ಬಗ್ಗೆ ಯಹೂದಿ ಸಂಘಟನೆಗಳು ಆಗಲೇ ವಿರೋಧ ಮಾಡಿದ್ವು, ಕಪ್ಪು ಬಟ್ಟೆ, ವಿಚಿತ್ರ ಟೋಪಿ, ರಣಹದ್ದಿನ ಥರ ಎತ್ತರದಲ್ಲಿ ಕೂತಿರೋದು, ನೋಡೋವಾಗ ಆ ಮಾತು ಯಾಕೆ ಬಂತು ಅಂತ ಅರ್ಥ ಆಗುತ್ತೆ. ಅದನ್ನ ತಿಳ್ಕೊಂಡೇ ನೋಡಿ.

ಇದೇ ನಾಟಕದ್ದು ಇನ್ನೆರಡು ವರ್ಷನ್ ಸುಲಭವಾಗಿ ಕಣ್ಣಿಗೆ ಬೀಳುತ್ವೆ. 2000ದ್ದು ಸೆಟ್ ಹಾಕಿ ನಾಟಕನ ವಿಡಿಯೋಗೆ ಅಂತ ತೆಗೆದಿದ್ದು, ಗ್ಲೆನ್ ಕಾರ್ಟರ್ ಜೀಸಸ್, ಜೆರೋಮ್ ಪ್ರಾದೋಂ ಜೂಡಾಸ್, ಲೆದರ್ ಕೋಟು, ಇಂದಿನ ಕಾಲದ ಪೊಲೀಸರ ಥರ ಸಿಪಾಯಿಗಳು. ಮುಖಗಳ ಹತ್ತಿರ ಹೋಗ್ತಾರೆ, ಜೂಡಾಸ್ ನೋವು ಚೆನ್ನಾಗಿ ಕಾಣುತ್ತೆ, ಆದ್ರೆ ಎಲ್ಲಾ ನಾಲ್ಕು ಗೋಡೆ ಒಳಗೆ, ಉಸಿರು ಕಟ್ಟಿದಂಗೆ ಇರುತ್ತೆ. 2018ದ್ದು ಟಿವಿಗೆ ಲೈವ್ ಆಗಿ ಮಾಡಿದ್ದು, ಜಾನ್ ಲೆಜೆಂಡ್ ಜೀಸಸ್, ಸಾರಾ ಬರೇಲಿಸ್ ಮೇರಿ ಮಗ್ದಲೀನ್, ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್ ಜೂಡಾಸ್, ಮುಂದೆ ಜನ ಕೂಗ್ತಿರ್ತಾರೆ, ರಾಕ್ ಕಾನ್ಸರ್ಟ್ ಅಂದ್ಕೊಂಡು ನೋಡಿದ್ರೆ ಖುಷಿ ಆಗುತ್ತೆ, ಡಿಕ್ಸನ್ ಅಂತೂ ಬೆಂಕಿ. ಹಾಡೇ ಮುಖ್ಯ ಅಂದ್ರೆ 2018. ಕಥೆ ಗೊತ್ತಿಲ್ಲ, ಮುಖ ನೋಡಿ ಅರ್ಥ ಮಾಡ್ಕೊಬೇಕು ಅಂದ್ರೆ 2000. ಸಿನಿಮಾ ಅನ್ನೋದು ಹಾಡಿಗೆ ಏನು ಸೇರಿಸಬಲ್ಲದು ಅಂತ ನೋಡ್ಬೇಕು ಅಂದ್ರೆ 1973 ಬಿಟ್ಟು ಬೇರೆ ಇಲ್ಲ. ಅದರಲ್ಲಿ ಜೀಸಸ್ ಪಾತ್ರದ ಟೆಡ್ ನೀಲಿ ಗೆತ್ಸೆಮನೆ ಅನ್ನೋ ಹಾಡು ಹಾಡೋವಾಗ ಬಂಡೆ ಹತ್ತುತಾ ಹತ್ತುತಾ ಹೋಗ್ತಾನೆ, ದನಿ ಮೇಲಕ್ಕೆ ಹೋದಂಗೆ ಅವನೂ ಮೇಲಕ್ಕೆ, ಸುತ್ತ ಬರೀ ಆಕಾಶ. ಸೆಟ್ಟಲ್ಲಿ ಆ ಆಕಾಶ ಎಲ್ಲಿ ಸಿಗುತ್ತೆ ಹೇಳಿ.

ಇವೆಲ್ಲಕ್ಕಿಂತ ವಿಚಿತ್ರ ಒಂದಿದೆ, ಲಂಡನ್ ರೋಡ್. ನನ್ನ ಪರಿಚಯದೋರಲ್ಲಿ ಹೆಚ್ಚು ಜನ ಹೆಸರೇ ಕೇಳಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಲ್ಲಿ 2006ರ ಕೊನೇಲಿ ಐದು ಜನ ಹೆಂಗಸರ ಕೊಲೆ ಆಯ್ತು, ಐದೂ ಜನ ಬೀದೀಲಿ ಲೈಂಗಿಕ ವೃತ್ತಿ ಮಾಡ್ತಿದ್ದೋರು. ಕೊಲೆಗಾರ ಇದ್ದ ಬೀದಿ ಲಂಡನ್ ರೋಡ್. ಆಲೆಕಿ ಬ್ಲೈತ್ ಅನ್ನೋ ನಾಟಕಕಾರ್ತಿ ಆ ಬೀದಿ ಜನರ ಮಾತನ್ನ ರೆಕಾರ್ಡ್ ಮಾಡ್ಕೊಂಡ್ರು, ಆಡಮ್ ಕಾರ್ಕ್ ಆ ಮಾತುಗಳಿಗೇ ಸಂಗೀತ ಹಾಕಿದ್ರು. ಮಾತನ್ನ ತಿದ್ದಿ ಹಾಡು ಬರೆದಿದ್ದಲ್ಲ, ಜನ ಹೇಗೆ ಹೇಳಿದ್ರೋ ಹಾಗೇ, ತಡವರಿಸಿದ್ದು, ಉಂ ಅಂದಿದ್ದು, ಅರ್ಧಕ್ಕೆ ಬಿಟ್ಟಿದ್ದು, ಸುಮ್ಸುಮ್ನೆ ಎರಡು ಸಲ ಹೇಳಿದ್ದು, ಅವರ ದನಿ ಎಲ್ಲಿ ಏರ್ತು ಎಲ್ಲಿ ಇಳೀತು ಅನ್ನೋದನ್ನೇ ರಾಗ ಮಾಡಿದಾರೆ. ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ 2011ರಲ್ಲಿ ಬಂತು, ರೂಫಸ್ ನಾರಿಸ್ ಅದನ್ನೇ 2015ರಲ್ಲಿ ಸಿನಿಮಾ ಮಾಡಿದ್ರು.

ಇಲ್ಲಿ ಯಾಕೆ ಹಾಡ್ತಾರೆ? ನಂಗೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಎರಡು ಸಲ ನೋಡ್ಬೇಕಾಯ್ತು. ಭಯದಲ್ಲಿ ಇರೋ ಜನ ಒಂದೇ ಮಾತನ್ನ ಮತ್ತೆ ಮತ್ತೆ ಹೇಳ್ತಾರೆ ನೋಡಿ, ಬೀದಿ ಪೂರ್ತಿ ಅದೇ ಮಾತು ಓಡಾಡುತ್ತೆ, ಅಂಗಡೀಲಿ, ಬಸ್ ಸ್ಟಾಪಲ್ಲಿ, ಫೋನಲ್ಲಿ. ಎಲ್ರಿಗೂ ತುಂಬಾ ತುಂಬಾ ಗಾಬರಿ ಆಗಿದೆ ಅನ್ನೋ ಸಾದಾ ವಾಕ್ಯ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗ್ತಾ ಹೋಗ್ತಾ ಕೋರಸ್ ಆಗುತ್ತೆ. ಊರು ಮಾತಾಡ್ತಿರೋದೇ ಹಾಡು. ನಾಟಕದಲ್ಲಿ 11 ನಟರು ಎಲ್ಲಾ ಪಾತ್ರನೂ ಮಾಡ್ತಿದ್ರು, ಸಿನಿಮಾದಲ್ಲಿ ನಿಜವಾದ ಬೀದಿ, ಚಳಿಗಾಲದ ಬೂದು ಬೆಳಕು, ಬೇರೆ ಬೇರೆ ಮುಖ, ಹಾಗಾಗಿ ಊರು ಅನ್ನೋದು ನಿಜವಾಗ್ಲೂ ಊರಾಗಿ ಕಾಣುತ್ತೆ. ಇಬ್ಬರು ಹುಡುಗೀರು ಎದುರಿಗೆ ಬರೋ ಪ್ರತಿ ಗಂಡಸನ್ನೂ ನೋಡಿ ಇವನೇ ಇರಬಹುದಾ ಅಂತ ಹಾಡ್ತಾ ಓಡೋ ದೃಶ್ಯ ಇದೆ, ನಗ್ತಾರೆ, ಕಿರುಚ್ತಾರೆ, ಆದ್ರೆ ಕಣ್ಣಲ್ಲಿ ಭಯ ಇರುತ್ತೆ. ಟಾಮ್ ಹಾರ್ಡಿ ಟ್ಯಾಕ್ಸಿ ಡ್ರೈವರ್ ಆಗಿ ಸ್ವಲ್ಪ ಹೊತ್ತು ಬಂದು ಹೋಗ್ತಾರೆ, ಸರಣಿ ಕೊಲೆಗಾರರ ಬಗ್ಗೆ ತಾನು ಎಷ್ಟು ಓದ್ಕೊಂಡಿದೀನಿ ಅಂತ ಹಾಡೋದು, ಹಿಂದಿನ ಸೀಟಲ್ಲಿ ಕೂತೋರ ಜಾಗದಲ್ಲಿ ನಮ್ಮನ್ನ ಕೂರಿಸಿಬಿಡ್ತಾರೆ.

ಒಲಿವಿಯಾ ಕೋಲ್ಮನ್ ಬಗ್ಗೆ ಹೇಳ್ಲೇಬೇಕು. ಅವರ ಪಾತ್ರ ಜೂಲಿ, ಬೀದಿಯವಳೇ, ಕೊನೇಲಿ ಎಲ್ಲರೂ ಸೇರಿ ಮನೆ ಮುಂದೆ ಹೂಕುಂಡ ತೂಗುಹಾಕಿ ಹೂವಿನ ಸ್ಪರ್ಧೆ ಮಾಡ್ತಾರೆ, ಬೀದಿ ಮತ್ತೆ ಚೇತರಿಸ್ಕೊಳ್ಳುತ್ತೆ, ನಮಗೂ ಖುಷಿ ಆಗ್ತಿರುತ್ತೆ, ಅಷ್ಟರಲ್ಲಿ ಜೂಲಿ ತುಂಬಾ ಸಹಜವಾಗಿ, ಟೀ ಕುಡೀತಾ ಮಾತಾಡೋ ಧಾಟೀಲಿ, ಆ ಕೊಲೆಗಾರ ಸಿಕ್ಕಿದ್ರೆ ಕೈಕುಲುಕಿ ಥ್ಯಾಂಕ್ಸ್ ಹೇಳ್ತಿದ್ದೆ ಅನ್ನೋ ಅರ್ಥದ ಮಾತು ಹೇಳ್ತಾಳೆ, ಆ ಹೆಂಗಸರನ್ನ ಬೀದಿಯಿಂದ ಇಲ್ಲವಾಗಿಸಿದ್ದಕ್ಕೆ. ಅವಳನ್ನ ಅಷ್ಟೊತ್ತು ಇಷ್ಟಪಟ್ಟಿರ್ತೀವಿ. ಆ ಕ್ಷಣ ಏನು ಮಾಡ್ಬೇಕು ಅಂತ ತೋಚಲ್ಲ. ಒಬ್ಬ ನಟಿ ಬಾಯಲ್ಲಿ ಬರೆದುಕೊಟ್ಟ ಡೈಲಾಗ್ ಆಗಿದ್ರೆ ಬರಹಗಾರರನ್ನ ಬಯ್ಯಬಹುದಿತ್ತು, ಇದು ನಿಜವಾಗಿ ಒಬ್ಬರು ಹೇಳಿದ ಮಾತು. ಈ ಸಿನಿಮಾದಲ್ಲಿ ಗುನುಗೋಕೆ ಟ್ಯೂನ್ ಹುಡುಕಬೇಡಿ, ಸಿಗಲ್ಲ. ಹಾಡು ಮಾತಿಂದ ಹೇಗೆ ಹುಟ್ಟುತ್ತೆ ಅನ್ನೋ ಕುತೂಹಲ ಇದ್ದೋರು ಮಾತ್ರ ಬಿಡ್ಲೇಬೇಡಿ, ಒಂದೂವರೆ ಗಂಟೆ ಅಷ್ಟೆ. ಸಬ್‌ಟೈಟಲ್ ಹಾಕ್ಕೊಳ್ಳಿ, ಆ ಊರಿನ ಉಚ್ಚಾರಣೆ ಕಷ್ಟ, ಜೊತೆಗೆ ಐದಾರು ಜನ ಒಟ್ಟಿಗೆ ಹಾಡೋವಾಗ ಮಾತು ಕೈತಪ್ಪಿ ಹೋಗುತ್ತೆ.

ಹೇರ್ ಬಗ್ಗೆ ಜಗಳ ಇವತ್ತಿಗೂ ಇದೆ. ನಾಟಕ ಆಫ್ ಬ್ರಾಡ್‌ವೇಯಲ್ಲಿ, ಅಂದ್ರೆ ನ್ಯೂಯಾರ್ಕಿನ ಚಿಕ್ಕ ಥಿಯೇಟರ್‌ನಲ್ಲಿ, ಬಂದಿದ್ದು 1967ರಲ್ಲಿ, ವಿಯೆಟ್ನಾಂ ಯುದ್ಧ ನಡೀತಿದ್ದಾಗ್ಲೇ, ಅದಕ್ಕೆ ಕಥೆ ಅಂತ ಹೆಚ್ಚೇನೂ ಇರಲಿಲ್ಲ, ಹಿಪ್ಪಿಗಳ ಒಂದು ಗುಂಪು, ಅವರ ಸಿಟ್ಟು, ಅವರ ಹಾಡು. ಮಿಲೋಸ್ ಫೋರ್ಮನ್ ಸಿನಿಮಾ ಮಾಡಿದ್ದು 1979ರಲ್ಲಿ, ಅಷ್ಟೊತ್ತಿಗೆ ಯುದ್ಧ ಮುಗಿದೇ ಹೋಗಿತ್ತು. ಅವರು ಹೊಸದಾಗಿ ಕಥೆ ಹೆಣೆದ್ರು, ಕ್ಲಾಡ್ ಅನ್ನೋನನ್ನ ಒಕ್ಲಹೋಮಾದಿಂದ ಸೈನ್ಯಕ್ಕೆ ಸೇರೋಕೆ ಬಂದ ಹಳ್ಳಿ ಹುಡುಗ ಮಾಡಿದ್ರು, ಕೊನೇನ ಪೂರ್ತಿ ಬದಲಾಯಿಸಿದ್ರು. ನಾಟಕ ಬರೆದ ರಾಡೋ ಮತ್ತೆ ರಾಗ್ನಿಗೆ ಇದು ಇಷ್ಟ ಆಗ್ಲಿಲ್ಲ, ನಮ್ಮ ಹೇರ್ ಇದಲ್ಲ ಅಂದ್ರು, ಅವರ ಮಾತಿಗೂ ಅರ್ಥ ಇದೆ. ಆದ್ರೂ ನೋಡಿ ಅಂತೀನಿ, ಕೊನೆ ಹತ್ತು ನಿಮಿಷಕ್ಕೋಸ್ಕರ. ಏನಾಗುತ್ತೆ ಅಂತ ಇಲ್ಲಿ ಹೇಳಲ್ಲ, ಸೈನಿಕರು ಸಾಲಾಗಿ ವಿಮಾನದ ಕತ್ತಲೆ ಹೊಟ್ಟೆ ಒಳಗೆ ನಡ್ಕೊಂಡು ಹೋಗೋ ಆ ಶಾಟ್ ಬಂದಾಗ ಗೊತ್ತಾಗುತ್ತೆ. ಶುರುವಲ್ಲಿ ಸೆಂಟ್ರಲ್ ಪಾರ್ಕಲ್ಲಿ ಪೊಲೀಸರ ಕುದುರೆಗಳೂ ಹಾಡಿನ ಲಯಕ್ಕೆ ಕಾಲು ಹಾಕುತ್ವೆ, ಅಲ್ಲಿ ಜನ ಯಾಕೆ ಹಾಡ್ತಾರೆ ಅಂದ್ರೆ ವಯಸ್ಸು ಹಾಗಿದೆ ಅಂತ ಅಷ್ಟೆ, ಕುದುರೆಗೂ ಅದು ಅಂಟ್ಕೊಂಡಿದೆ. ಕಥೆ ಬೇಕೇ ಬೇಕು ಅನ್ನೋರಿಗೆ ಸಿನಿಮಾನೇ ಒಳ್ಳೇದು. ನಾಟಕದ ಆಲ್ಬಮ್ ಕೇಳಿ ಬೆಳೆದೋರು ಇದನ್ನ ಬೇರೆಯದೇ ಕೃತಿ ಅಂದ್ಕೊಂಡು ಕೂರಿ.

ದ ಲಾಸ್ಟ್ ಫೈವ್ ಇಯರ್ಸ್ ಚಿಕ್ಕದು, ಎರಡೇ ಪಾತ್ರ, ಆದ್ರೆ ಒಂದು ನಿಯಮ ಗೊತ್ತಿಲ್ದೆ ನೋಡಿದ್ರೆ ತಲೆ ಕೆಟ್ಟೋಗುತ್ತೆ. ಗಂಡ ಹೆಂಡತಿ ಐದು ವರ್ಷದ ಕಥೆ, ಅವನ ಹಾಡುಗಳು ಪರಿಚಯದ ದಿನದಿಂದ ಮುಂದಕ್ಕೆ ಹೋಗುತ್ವೆ, ಅವಳವು ಬಿಟ್ಟುಹೋದ ದಿನದಿಂದ ಹಿಂದಕ್ಕೆ, ನಡುವೆ ಮದುವೆ ದಿನ ಒಂದೇ ಸಲ ಇಬ್ಬರೂ ಒಂದೇ ಕಾಲದಲ್ಲಿ ಸಿಗ್ತಾರೆ. ಜೇಸನ್ ರಾಬರ್ಟ್ ಬ್ರೌನ್ ಬರೆದ ನಾಟಕದಲ್ಲಿ ಒಬ್ಬರು ಹಾಡೋವಾಗ ಸಾಮಾನ್ಯವಾಗಿ ಇನ್ನೊಬ್ಬರು ಎದುರಿಗೆ ಇರಲ್ಲ, ಖಾಲಿ ಜಾಗಕ್ಕೆ ಹಾಡ್ತಾರೆ, ಆ ಒಂಟಿತನವೇ ನಾಟಕದ ಜೀವ. 2014ರ ಸಿನಿಮಾದಲ್ಲಿ ಇನ್ನೊಬ್ಬರನ್ನ ಪಕ್ಕದಲ್ಲೇ ಕೂರಿಸಿದಾರೆ. ಇದರಿಂದ ಒಂದು ಹೋಯ್ತು, ಒಂದು ಬಂತು. ಒಂಟಿತನ ಹೋಯ್ತು, ಕೇಳಿಸ್ಕೊಳ್ಳೋ ಮುಖ ಬಂತು. ಅವನು ತನ್ನ ಗೆಲುವಿನ ಬಗ್ಗೆ ಉಕ್ಕಿ ಹಾಡ್ತಿರೋವಾಗ ಹೆಂಡತಿ ಪಾತ್ರದ ಆನಾ ಕೆಂಡ್ರಿಕ್ ಮುಖ ನೋಡ್ತಾ ಇರಿ, ನಾಟಕದಲ್ಲಿ ಅದು ಸಿಗಲ್ಲ. ನಾನು ಎರಡನ್ನೂ ತೂಗಿ ನೋಡಿದ್ರೆ ನಾಟಕನೇ ಒಂದು ತೂಕ ಜಾಸ್ತಿ ಅಂತೀನಿ, ಆದ್ರೆ ಮೊದಲ ಸಲ ಕೇಳೋರಿಗೆ ಸಿನಿಮಾ ಸುಲಭ.

ಲೆ ಮಿಸರಾಬ್ಲ್ 2012ದು ಎಲ್ಲರೂ ನೋಡಿರ್ತೀರಿ, ಚಿಕ್ಕದಾಗಿ ಹೇಳ್ತೀನಿ. ಅಲ್ಲಿ ವಿಚಿತ್ರ ಏನಂದ್ರೆ ಮೊದಲೇ ರೆಕಾರ್ಡ್ ಮಾಡಿ ತುಟಿ ಆಡಿಸಿದ್ದಲ್ಲ, ಕಿವೀಲಿ ಪಿಯಾನೋ ಕೇಳ್ತಾ ಸೆಟ್ಟಲ್ಲೇ ಹಾಡಿದಾರೆ, ಆರ್ಕೆಸ್ಟ್ರಾ ಆಮೇಲೆ ಸೇರಿಸಿದ್ದು. ಹಾಗಾಗಿ ನಟರು ಬೇಕಾದಲ್ಲಿ ನಿಲ್ಲಬಹುದು, ಉಸಿರು ಎಳೆಯಬಹುದು, ಅಳಬಹುದು. ಆನ್ ಹ್ಯಾಥವೇ ಹಾಡಿನಲ್ಲಿ ಇದು ಪೂರ್ತಿ ಕೈಗೂಡಿದೆ, ಕ್ಯಾಮೆರಾ ಮುಖ ಬಿಟ್ಟು ಕದಲೋದೇ ಇಲ್ಲ. ಜೊತೆಗೆ ಆ ಹಾಡನ್ನ ನಾಟಕದಲ್ಲಿರೋದಕ್ಕಿಂತ ತಡವಾಗಿ ಇಟ್ಟಿದಾರೆ, ಆ ಪಾತ್ರದ ಹೆಣ್ಣಿನ ಕೆಲಸ ಹೋದ ತಕ್ಷಣ ಅಲ್ಲ, ಕೂದಲು, ಹಲ್ಲು, ಮೈ ಎಲ್ಲಾ ಮಾರ್ಕೊಂಡ ಮೇಲೆ. ಈ ಬದಲಾವಣೆ ನಾಟಕಕ್ಕಿಂತ ಚೆನ್ನಾಗಿದೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಉಳಿದ ಕಡೆ ಅಷ್ಟೊಂದು ಕ್ಲೋಸಪ್ಪು ಸುಸ್ತು ಮಾಡುತ್ತೆ. ಸ್ವೀನಿ ಟಾಡ್ 2007ದು ಇದಕ್ಕೆ ವಿರುದ್ಧ, ನಾಟಕದ ಕೋರಸ್ಸನ್ನೇ ತೆಗೆದು ಹಾಕಿದಾರೆ, ಊರೇ ಸೇರಿ ಕಥೆ ಹೇಳ್ತಿದ್ದದ್ದು ಹೋಗಿ ಒಬ್ಬನ ಪಿಸುಮಾತಿನ ಕನಸು ಥರ ಆಗಿದೆ. ರಕ್ತ ತುಂಬಾ ಇದೆ, ಆಗದೇ ಇರೋರು ಬಿಡಿ.

ಒಬ್ಬ ಬರಹಗಾರನ ಒದ್ದಾಟ ಇಷ್ಟ ಆಗೋರಿಗೆ ಟಿಕ್ ಟಿಕ್ ಬೂಮ್, 2021ದು. ಜೊನಾಥನ್ ಲಾರ್ಸನ್ 1990ರ ಹೊತ್ತಿಗೆ ತಾನೇ ಸ್ಟೇಜ್ ಮೇಲೆ ನಿಂತು ಹಾಡ್ತಾ ಹೇಳಿದ್ದ ಕಥೆ, ಮೂವತ್ತು ತುಂಬ್ತಿದೆ, ಇನ್ನೂ ಏನೂ ಸಾಧಿಸಿಲ್ಲ ಅಂತ. ಮುಂದೆ ಅವನೇ ರೆಂಟ್ ಬರೆದ, ಅದರ ಮೊದಲ ಪ್ರಿವ್ಯೂ ಶೋ ಇದ್ದ ದಿನವೇ, 1996ರ ಜನವರಿ 25ರಂದು, 35ನೇ ವಯಸ್ಸಿಗೆ ತೀರ್ಕೊಂಡ. ಸಿನಿಮಾ ಅವನನ್ನ ಪಿಯಾನೋ ಮುಂದೆ ಕೂರಿಸಿ ಕಥೆ ಹೇಳಿಸುತ್ತೆ, ಅಲ್ಲಿಂದ ಅವನ ಬದುಕಿಗೆ ಹೋಗಿ ಬಂದು ಮಾಡುತ್ತೆ. ಗಡಿಯಾರದ ಟಿಕ್ ಟಿಕ್ ಅವನಿಗೆ ಯಾಕೆ ಕೇಳ್ತಿತ್ತು ಅಂತ ನಮಗೆ ಗೊತ್ತಿರುತ್ತೆ, ಅವನಿಗೆ ಗೊತ್ತಿರಲ್ಲ. ನಾನು ಪ್ರತಿ ಸಲ ಅತ್ತಿದೀನಿ.

ಈ ಎಲ್ಲಾ ಬೇಡ, ನಾಟಕ ಹೇಗಿತ್ತೋ ಹಾಗೇ ಬೇಕು ಅನ್ನೋರಿಗೆ ಹ್ಯಾಮಿಲ್ಟನ್ ಇದೆ, 2016ರ ಜೂನ್‌ನಲ್ಲಿ ಬ್ರಾಡ್‌ವೇ ಥಿಯೇಟರ್‌ನಲ್ಲೇ ಮೂಲ ನಟರ ಜೊತೆ ಚಿತ್ರೀಕರಿಸಿ 2020ರಲ್ಲಿ ಬಿಡುಗಡೆ ಮಾಡಿದ್ದು. ಇದು ರೂಪಾಂತರ ಅಲ್ಲ, ದಾಖಲೆ, ತುಂಬಾ ಚೆನ್ನಾಗಿರೋ ದಾಖಲೆ. ಇದನ್ನೂ ಕ್ಯಾಬರೆನೂ ಒಂದೇ ವಾರದಲ್ಲಿ ನೋಡಿ, ರಂಗದ ಒಪ್ಪಂದ ಅಂದ್ರೇನು, ಕ್ಯಾಮೆರಾದ ಒಪ್ಪಂದ ಅಂದ್ರೇನು ಅಂತ ಯಾರೂ ವಿವರಿಸದೇ ಗೊತ್ತಾಗುತ್ತೆ.

ಕ್ರಮ ಕೇಳೋರಿಗೆ ನನ್ನ ಸಲಹೆ ಹೀಗೆ. ಆಲ್ಬಮ್ ಕೇಳಿ ಕೇಳಿ ತಲೇಲಿ ಚಿತ್ರ ಕಟ್ಕೊಂಡಿದ್ರೆ ಆ ನಾಟಕದ ಸಿನಿಮಾನ ಮೊದಲು ನೋಡಬೇಡಿ, ನಿಮಗೆ ಗೊತ್ತೇ ಇಲ್ಲದ ನಾಟಕದ ಸಿನಿಮಾ ಒಂದನ್ನ ನೋಡಿ ಕಣ್ಣು ಪಳಗಿಸ್ಕೊಳ್ಳಿ, ಹೆಚ್ಚಿನೋರಿಗೆ ಕ್ಯಾಬರೆ ಸರಿಹೋಗುತ್ತೆ. ಆಮೇಲೆ ನಿಮ್ಮ ಇಷ್ಟದ್ದಕ್ಕೆ ಬನ್ನಿ. ಮನೆಮಂದಿ ಎಲ್ಲಾ ಸೇರಿ ನೋಡೋದಾದ್ರೆ ಕ್ಯಾಬರೆ, ಹೇರ್ ಎರಡೂ ಬೇಡ, ಎರಡರಲ್ಲೂ ದೊಡ್ಡವರ ವಿಷಯಗಳಿವೆ. ಶುರು ಮಾಡಿದ್ಮೇಲೆ ಮೊದಲ ಇಪ್ಪತ್ತು ನಿಮಿಷ ನಿಲ್ಲಿಸಬೇಡಿ, ಫೋನ್ ದೂರ ಇಡಿ, ಯಾಕಂದ್ರೆ ಆ ಒಪ್ಪಂದ ಆಗೋದು ಅಲ್ಲೇ, ಅದನ್ನ ತಪ್ಪಿಸ್ಕೊಂಡ್ರೆ ಮುಂದಿನದೆಲ್ಲ ಹುಚ್ಚಾಟ ಅನ್ಸುತ್ತೆ. ನನಗೆ ಹಾಗೇ ಆಗಿದ್ದು, ಬಸ್ಸಿಂದ ಇಳಿಯೋರನ್ನ ನಾನು ನೋಡ್ತಿದ್ದೆ, ನೋಡಿರಲಿಲ್ಲ. ಮೊದಲ ಸಲ ಮುಗಿದ್ಮೇಲೆ ನಾಟಕದ ಹಾಡುಗಳ ಪಟ್ಟಿ ತೆಗೆದು ಯಾವ್ದು ಬಿಟ್ಟಿದಾರೆ, ಯಾವ್ದನ್ನ ಎಲ್ಲಿಗೆ ಎತ್ತಿಟ್ಟಿದಾರೆ ಅಂತ ನೋಡಿ, ಡೈರೆಕ್ಟರ್ ಮನಸ್ಸು ಅಲ್ಲಿ ತೆರೆದಿಟ್ಟ ಪುಸ್ತಕ.

ಇವತ್ತು ರಾತ್ರಿ ಒಂದೇ ನೋಡೋದು ಅಂದ್ರೆ 1973ದ್ದು ಹಾಕಿ. ಕೊನೇಲಿ ಎಲ್ಲರೂ ಮಾಮೂಲಿ ಬಟ್ಟೆ ಹಾಕ್ಕೊಂಡು ಬಸ್ಸು ಹತ್ತುತಾರೆ, ಯಾರ ಮುಖದಲ್ಲೂ ಮಾತಿಲ್ಲ, ಬಂದಾಗ ಇದ್ದ ಗಲಾಟೆ ಇಲ್ಲ, ಮೇರಿ ಮಗ್ದಲೀನ್ ಪಾತ್ರದ ಹುಡುಗಿ ಹಿಂದೆ ತಿರುಗಿ ನೋಡ್ತಾಳೆ, ಜೂಡಾಸ್ ಮಾಡಿದೋನೂ ಬಾಗಿಲಲ್ಲಿ ನಿಂತು ನೋಡ್ತಾನೆ. ತಲೆ ಎಣಿಸಿ ನೋಡಿ, ಒಬ್ಬ ಕಮ್ಮಿ. ಟೆಡ್ ನೀಲಿ ಬಸ್ಸು ಹತ್ತೋದಿಲ್ಲ. ಬಸ್ಸು ಹೋಗುತ್ತೆ, ಸಂಜೆ ಬೆಳಕಲ್ಲಿ ಗುಡ್ಡದ ಮೇಲೆ ಖಾಲಿ ಶಿಲುಬೆ, ಅದರ ಕೆಳಗೆ ಒಬ್ಬ ಕುರುಬ ತನ್ನ ಮಂದೆ ಹೊಡ್ಕೊಂಡು ದಾಟಿ ಹೋಗ್ತಿದಾನೆ.